ತಿಮ್ಮಪ್ಪನ ಮಾತ್ರೆಯೂ ನನ್ನ ನಾಲಿಗೆಯೂ

ಸುಳ್ಳು ಹೇಳುವುದು ಸುಲಭ ಅಂದುಕೊಂಡವರು ಸುಳ್ಳು ಹೇಳಿ ಅಭ್ಯಾಸವಿಲ್ಲದವರು. ನಿಜ ಹೇಳುವವನಿಗೆ ಏನು ಕಷ್ಟ? ಆದದ್ದನ್ನು ಹೇಳಿ, ಊಟ ಮಾಡಿ ಮಲಗಿದರಾಯಿತು. ಸುಳ್ಳು ಹೇಳುವವನ ಪಾಡು ಹಾಗಲ್ಲ. ಯಾರಿಗೆ ಏನು ಹೇಳಿದ್ದೆ ಎಂದು ನೆನಪಿಟ್ಟುಕೊಳ್ಳಬೇಕು, ಮುಖ ಬಿಗಿ ಹಿಡಿಯಬೇಕು, ನಗು ಒತ್ತಿಕೊಂಡು ಬಂದರೆ ಅದನ್ನು ಕೆಮ್ಮಾಗಿ ತಿರುಗಿಸಬೇಕು. ನನ್ನ ಕೆಮ್ಮು ಕೇಳಿದ ಡಾಕ್ಟರೊಬ್ಬರು ಒಮ್ಮೆ "ಮೊದ್ಲು ಬೀಡಿ ಬಿಡಿ" ಎಂದು ಗದರಿದ್ದರು. ನಾನು ಬೀಡಿ ಸೇದಿದವನೇ ಅಲ್ಲ. ಜಂಬ ಅಂದುಕೊಳ್ಳಬೇಡಿ, ಅಂದುಕೊಂಡರೂ ಬೇಸರವಿಲ್ಲ: ಸಾಗರದಿಂದ ತೀರ್ಥಹಳ್ಳಿಯವರೆಗೆ, ನಡುವೆ ಹೊಸನಗರವನ್ನೂ ಸೇರಿಸಿ, ನನ್ನ ಕೈಯಲ್ಲಿ ಏಮಾರದ ಮನುಷ್ಯ ಯಾರಾದರೂ ಇದ್ದರೆ ಅವನು ಒಂದೋ ಬಸ್ಸು ಹತ್ತಿದವನಲ್ಲ, ಇಲ್ಲವೇ ಆಗಿನ್ನೂ ತೊಟ್ಟಿಲಲ್ಲಿದ್ದ.

ಬಸ್ಸಿನ ಮಾತು ಯಾಕೆ ಬಂತೆಂದರೆ, ನಾನು ಆ ದಾರಿಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಹೆಸರು ರಾಮಪ್ಪ, ಊರವರ ಬಾಯಲ್ಲಿ ರಾಮಣ್ಣ, ವಯಸ್ಸು ಎಪ್ಪತ್ತೆರಡು, ವಾಸ ಹೊಸನಗರ. ಒಮ್ಮೆ ತೀರ್ಥಹಳ್ಳಿಗೆಂದು ಸಾಗರದಲ್ಲಿ ಹತ್ತಿ ಗೊರಕೆ ಹೊಡೆಯುತ್ತಿದ್ದ ಮೇಷ್ಟರೊಬ್ಬರನ್ನು ಹೊಸನಗರ ಸ್ಟ್ಯಾಂಡಿನಲ್ಲಿ ಎಬ್ಬಿಸಿ, "ಸಾರ್, ತೀರ್ಥಹಳ್ಳಿ ದಾಟಿ ಆಗುಂಬೆಗೇ ಬಂದ್ಬಿಡ್ತು" ಅಂದಿದ್ದೆ. ಅವರು ಗಾಬರಿಯಿಂದ ಇಳಿದರು. ಹೇಗೂ ಇಷ್ಟು ದೂರ ಬಂದದ್ದಾಯಿತು ಎಂದು ಸೂರ್ಯಾಸ್ತ ನೋಡುವ ಜಾಗ ಎಲ್ಲಿ ಅಂತ ಬಾಳೆಹಣ್ಣಿನ ಅಂಗಡಿಯವನನ್ನು ವಿಚಾರಿಸಿದರು. ಬಸ್ಸು ಹೊರಡುವ ಹೊತ್ತಿಗೆ ನಾನೇ ಹೋಗಿ ಕೈ ಹಿಡಿದು ಕರೆತಂದು ಕೂರಿಸಿದೆ. ನನ್ನ ತಮಾಷೆಗೆ ಒಂದು ನಿಯಮವಿತ್ತು. ಏಮಾರಿಸಿದವನನ್ನು ಕೊನೆಗೆ ನಾನೇ ಕೈ ಹಿಡಿದು ಸೀಟಿಗೆ ಮುಟ್ಟಿಸಬೇಕು. ಆ ನಿಯಮವನ್ನು ನಾನು ಒಂದೇ ಒಂದು ಸಲ ಮರೆತೆ. ಆ ಕತೆಯೇ ಇದು.

ದೇವರು ಒಬ್ಬ ಸುಳ್ಳುಗಾರನನ್ನು ಹುಟ್ಟಿಸಿದರೆ ಅವನಿಗೆ ಜೋಡಿಯಾಗಿ ಒಬ್ಬ ನಂಬುವವನನ್ನೂ ಹುಟ್ಟಿಸುತ್ತಾನೆ. ನನ್ನ ಪಾಲಿಗೆ ಬಂದವನು ಡ್ರೈವರ್ ತಿಮ್ಮಪ್ಪ. ಇಪ್ಪತ್ತೆಂಟು ವರ್ಷ ಒಂದೇ ಬಸ್ಸಿನಲ್ಲಿ ಅವನು ಮುಂದೆ, ನಾನು ಹಿಂದೆ. ಆಳು ಎತ್ತರ, ಮಾತು ಕಡಿಮೆ, ಹೊಟ್ಟೆ ಸ್ಟೇರಿಂಗಿಗೆ ತಾಗುವಷ್ಟು. ಒಂದು ದಿನ ನಮ್ಮ ಕಡೆಯ ಬಟ್ಟೆ ಅಂಗಡಿಯವನೊಬ್ಬನಿಗೆ ಬಿಳಿ ಅಂಗಿ ಹಾಕಿಸಿ, ಜೇಬಿಗೆ ಎರಡು ಪೆನ್ನು ಸಿಕ್ಕಿಸಿ, "ಸಾರಿಗೆ ಇಲಾಖೆ ಸಾಹೇಬ್ರು" ಎಂದು ಮುಂದಿನ ಸೀಟಿನಲ್ಲಿ ಕೂರಿಸಿದ್ದೆ. ತಿಮ್ಮಪ್ಪ ಆ ದಿನ ತೀರ್ಥಹಳ್ಳಿ ಮುಟ್ಟುವವರೆಗೂ ಎದುರು ಹಸು ಬಂದರೂ ಕೈ ಹೊರಗೆ ಹಾಕಿ ಸಿಗ್ನಲ್ ತೋರಿಸಿದ. ವಿಷಯ ಗೊತ್ತಾದ ಮೇಲೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಮೂರನೇ ದಿನ ತಾನೇ ಎಲೆಯಡಿಕೆ ತುಂಬಿದ ಕವಳದ ಸಂಚಿ ಚಾಚಿದ. ಅವನು ಮೂರನೇ ದಿನ ಚಾಚುತ್ತಾನೆ ಎಂಬ ಧೈರ್ಯದ ಮೇಲೆಯೇ ನನ್ನ ಬದುಕು ನಡೆದಿತ್ತು.

ರಿಟೈರಾದ ಮೇಲೆ ತಿಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಬಂತು. ಬಾರದೆ ಇರುತ್ತದೆಯೇ? ಕೂತೇ ದುಡಿದವನು, ಆಮೇಲೂ ಕೂತೇ ಇದ್ದ. ಈಗ ನಮ್ಮ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಬೆಳಿಗ್ಗೆ ಕೂತು ನೋಡಿ. ಬರುವ ಹತ್ತರಲ್ಲಿ ಆರು ಜನ "ಸಕ್ರೆ ಬ್ಯಾಡ ಮಾರಾಯ" ಎಂದೇ ಒಳಗೆ ಬರುತ್ತಾರೆ. ಸಕ್ಕರೆ ಬೇಡವಾದ್ದರಿಂದ ಬೆಲ್ಲದ ಕಷಾಯ ಕುಡಿಯುತ್ತಾರೆ. ಕಷಾಯದ ಜೊತೆಗೆ ಬನ್ಸ್. ಆಮೇಲೆ ಯಾರಿಗೆ ಎಷ್ಟಿದೆ ಎಂಬ ಪಂದ್ಯ. "ನಂದು ಇನ್ನೂರು ದಾಟಿತ್ತು" ಎಂದು ಒಬ್ಬ ಅಂದರೆ ಇನ್ನೊಬ್ಬನಿಗೆ ಅವಮಾನವಾಗಿ, "ನಂದು ಒಂದ್ಸಲ ಮುನ್ನೂರಕ್ಕೆ ಹೋಗಿತ್ತಪ್ಪ" ಅನ್ನುತ್ತಾನೆ. ಈ ಪಂದ್ಯದಲ್ಲಿ ನಾನು ಸೇರುತ್ತಿರಲಿಲ್ಲ. "ನಂಗೆ ಆ ರೋಗ ಹತ್ರಕ್ಕೂ ಬರಲ್ಲ. ನಿಂತು ದುಡಿದ ದೇಹ ಇದು" ಎಂದು ತೊಡೆ ತಟ್ಟುತ್ತಿದ್ದೆ. ಒಮ್ಮೆ ಪಂದ್ಯ ಕಟ್ಟಿ ಐದು ಜಿಲೇಬಿ ತಿಂದು ತೋರಿಸಿದ್ದೂ ಉಂಟು.

ತಿಮ್ಮಪ್ಪನ ಸಕ್ಕರೆಯನ್ನೂ ನಾನು ಬಿಟ್ಟಿರಲಿಲ್ಲ. ಊರಲ್ಲಿ ಒಂದು ಆರೋಗ್ಯ ತಪಾಸಣೆ ನಡೆದಾಗ, ಅದಕ್ಕೆ ಮೊದಲು ಅವನಿಗೆ ಹೋಟೆಲಿನಲ್ಲಿ ದೋಸೆ ಮತ್ತು ಜೋನಿಬೆಲ್ಲ ಕೊಡಿಸಿದೆ. ಪಾಕದಂತಿರುವ ಆ ಬೆಲ್ಲ ಅವನ ಐದೂ ಬೆರಳಿಗೆ ಮೆತ್ತಿತ್ತು. "ನಲ್ಲೀಲಿ ನೀರಿಲ್ಲ ಮಾರಾಯ, ಪೇಪರಲ್ಲಿ ಒರೆಸ್ಕೊ, ಲೈನ್ ಉದ್ದ ಆಗ್ತಿದೆ" ಎಂದು ಎಳೆದುಕೊಂಡು ಹೋದೆ. ಅದೇ ಬೆರಳಿಗೆ ಸೂಜಿ ಚುಚ್ಚಿದರು. ಮಿಷನ್ನು ತೋರಿಸಿದ ಅಂಕಿ ಕಂಡು ನರ್ಸಮ್ಮ ಎದ್ದು ನಿಂತಳು. ತಿಮ್ಮಪ್ಪ ಕೂತಲ್ಲೇ ಬಿಳುಚಿಕೊಂಡು, ಕೋಣಂದೂರಿನಲ್ಲಿರುವ ಮಗಳಿಗೆ ಫೋನು ಹಚ್ಚಿ "ಒಂದ್ಸಲ ಬಂದು ನೋಡ್ಕೊಂಡು ಹೋಗು ಮಗಾ" ಅಂದ. ಆಗ ನಾನು ಕೆಮ್ಮಿದೆ. ಕೈ ತೊಳೆಸಿ ಇನ್ನೊಮ್ಮೆ ಚುಚ್ಚಿಸಿದಾಗ ಸಕ್ಕರೆ ಇಳಿದು ಮನುಷ್ಯರ ಲೆಕ್ಕಕ್ಕೆ ಬಂತು. ಆ ಸಲ ಕವಳದ ಸಂಚಿ ಆರನೇ ದಿನಕ್ಕೆ ಬಂತು.

ಹೀಗಿರುವಾಗ ನಮ್ಮೂರಿಗೆ ತೈ ಚಿ ಬಂತು. ತಂದವರು ವಸಂತಿ ಸಿಸ್ಟರ್. ತೀರ್ಥಹಳ್ಳಿಯವರು, ರಿಟೈರಾದ ನರ್ಸು. ಮಂಗಳೂರಿನ ಕಡೆ ಕೆಲಸದಲ್ಲಿದ್ದಾಗ ಒಬ್ಬ ಡಾಕ್ಟರಿಂದ ಕಲಿತರಂತೆ. ವಾರಕ್ಕೆ ಮೂರು ದಿನ ಮೊದಲ ಬಸ್ಸಿಗೆ ಬಂದು, ನಮ್ಮ ಸಮುದಾಯ ಭವನದಲ್ಲಿ ಸಕ್ಕರೆ ಕಾಯಿಲೆಯವರಿಗೆ ಕಲಿಸುತ್ತೇನೆ ಎಂದರು. ಚೀನಾದ ಕಸರತ್ತು ಎಂದಮೇಲೆ ಒದೆಯುವುದು, ಹಾರುವುದು, ಹಲಗೆ ಮುರಿಯುವುದು ಇರುತ್ತದೆ ಎಂದು ಅರ್ಧ ಊರು ನೋಡಲು ಸೇರಿತ್ತು. ಸಿಸ್ಟರ್ ಎದುರು ನಿಂತು, ಉಸಿರೆಳೆದು, ಎರಡೂ ಕೈಗಳನ್ನು ಮೆಲ್ಲಗೆ ಮೇಲೆತ್ತಿದರು. ಎತ್ತಿದರು, ಎತ್ತುತ್ತಲೇ ಇದ್ದರು. ನನ್ನ ಪಕ್ಕದವನು ನಡುವೆ ಹೊರಗೆ ಹೋಗಿ ಸ್ಕೂಟರಿಗೆ ಬೀಗ ಹಾಕಿಕೊಂಡು ಬಂದ, ಕೈ ಇನ್ನೂ ಭುಜಕ್ಕೆ ಬಂದಿರಲಿಲ್ಲ. "ಇದೆಂತ ಸಾವು ಮಾರಾಯ, ನಮ್ಮ ಗ್ರಾಮ ಪಂಚಾಯ್ತಿ ಇದಕ್ಕಿಂತ ಫಾಸ್ಟು" ಎಂದು ನಾನು ಸಭೆಯನ್ನು ನಗಿಸಿದೆ. ಸಿಸ್ಟರ್ ಕೈ ಇಳಿಸುವುದನ್ನು ಮುಗಿಸಿಯೇ ಉತ್ತರ ಕೊಟ್ಟರು: "ನೀವೂ ಬನ್ನಿ ರಾಮಣ್ಣ. ಇಷ್ಟೇ ನಿಧಾನ ಮಾಡಿ ತೋರ್ಸಿ."

ತೋರಿಸಲು ಹೋದೆ. ಅಲ್ಲಿ ನನಗೊಂದು ವಿಚಿತ್ರ ಗೊತ್ತಾಯಿತು. ಚಲಿಸುವ ಬಸ್ಸಿನಲ್ಲಿ, ತಿರುವು ಮುರುವಿನಲ್ಲಿ, ಕಂಬಿ ಹಿಡಿಯದೆ ಎರಡೂ ಕೈಯಲ್ಲಿ ಟಿಕೆಟ್ ಹರಿದವನು ನಾನು. ಬ್ಯಾಲೆನ್ಸಿನಲ್ಲಿ ನನ್ನ ಸಮ ಯಾರೂ ಇಲ್ಲ ಎಂದೇ ನಂಬಿದ್ದೆ. ಸಿಸ್ಟರ್ ಹೇಳಿದರು, "ಭಾರ ಪೂರ್ತಿ ಎಡಗಾಲಿಗೆ ಬಿಡಿ. ಬಲಗಾಲು ಖಾಲಿ ಆಗ್ಲಿ. ಈಗ ಮೆಲ್ಲಗೆ ಎತ್ತಿ." ಬಲಗಾಲು ನೆಲ ಬಿಡುವುದಕ್ಕೂ ನಾನು ಓಲಾಡಿ ಪಕ್ಕದಲ್ಲಿದ್ದ ಕುರ್ಚಿ ಹಿಡಿಯುವುದಕ್ಕೂ ಸರಿಹೋಯಿತು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮತ್ತೆ ಮತ್ತೆ ಮಾಡಿ ನೋಡಿದೆ, ಆಗ ಹೊಳೆಯಿತು. ಕಂಡಕ್ಟರು ಕೈಯಲ್ಲಿ ಹಿಡಿಯುವುದಿಲ್ಲ ನಿಜ, ಆದರೆ ಅವನ ಸೊಂಟ ಯಾವಾಗಲೂ ಯಾವುದೋ ಸೀಟಿನ ಮೂಲೆಗೆ ಆನಿಸಿಯೇ ಇರುತ್ತದೆ. ಇಷ್ಟು ವರ್ಷ ನಾನು ನಿಂತದ್ದು ನನ್ನ ಕಾಲ ಮೇಲಲ್ಲ, ಪ್ಯಾಸೆಂಜರುಗಳ ಸೀಟಿನ ಮೇಲೆ! ಈ ವಯಸ್ಸಿಗೆ ನನ್ನದೇ ಗುಟ್ಟೊಂದು ನನಗೆ ಗೊತ್ತಾದ ಖುಷಿಯಲ್ಲಿ, ಸುಮ್ಮನೆ ಕುತೂಹಲಕ್ಕೆ, ಮುಂದಿನ ಕ್ಲಾಸಿಗೂ ಹೋದೆ. "ನಂಗೆ ಸಕ್ರೆಗಿಕ್ರೆ ಇಲ್ಲ, ಸಿಸ್ಟ್ರಿಗೆ ಒಂದು ಸಹಾಯ ಇರ್ಲಿ ಅಂತ ಬರೋದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿಯೇ ಹೋದೆ.

ಆ ದಿನ ಸಿಸ್ಟರ್ ಎಲ್ಲರನ್ನೂ ಬೆಂಚಿನ ಮೇಲೆ ಸಾಲಾಗಿ ಕೂರಿಸಿ ಪಾದ ಪರೀಕ್ಷೆ ಮಾಡಿದರು. ಕಣ್ಣು ಮುಚ್ಚಬೇಕು, ಅವರು ಮೀನಿನ ಗಾಳದ ದಾರದಂಥ ಒಂದು ಎಳೆಯಿಂದ ಅಂಗಾಲು ಮುಟ್ಟುತ್ತಾರೆ, ತಾಗಿದ್ದು ಗೊತ್ತಾದಾಗ "ಹ್ಞೂ" ಅನ್ನಬೇಕು. ನನಗೆ ಎಷ್ಟು ಹೊತ್ತಾದರೂ ಏನೂ ತಾಗಿದಂತಾಗಲಿಲ್ಲ. ಪಕ್ಕದವರೆಲ್ಲ ಹ್ಞೂ ಹ್ಞೂ ಅಂದಿದ್ದರು, ನಾನು ಕಡಿಮೆಯೇ? ಉಸಿರು ಎಣಿಸುತ್ತಾ ಒಂದೊಂದು ಅಂದಾಜಿಗೆ ಗಂಭೀರವಾಗಿ "ಹ್ಞೂ... ಹ್ಞೂ..." ಅಂದೆ. ಕಣ್ಣು ಬಿಟ್ಟು ನೋಡಿದರೆ ಸಿಸ್ಟರ್ ಕೈ ಕಟ್ಟಿಕೊಂಡು ಕೂತಿದ್ದರು, ಎಳೆ ಅವರ ಮಡಿಲಲ್ಲಿತ್ತು. ಅವರು ನನ್ನ ಕಿವಿಯ ಹತ್ತಿರ ಬಗ್ಗಿ, "ಎಷ್ಟು ವರ್ಷ ಆಯ್ತು ಸಕ್ರೆ ಶುರುವಾಗಿ?" ಎಂದು ಕೇಳಿದರು.

ಈಗ ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಆರು ವರ್ಷ ಆಗಿತ್ತು. ಗೊತ್ತಿದ್ದದ್ದು ನನ್ನ ಹೆಂಡತಿ ಗಿರಿಜೆಗೆ ಮತ್ತು ಸಾಗರದ ಡಾಕ್ಟರಿಗೆ ಮಾತ್ರ. ಮಾತ್ರೆಯನ್ನು ಹಳೇ ಶೇವಿಂಗ್ ಡಬ್ಬಿಯಲ್ಲಿಟ್ಟು, ಬಚ್ಚಲಲ್ಲಿ ನುಂಗುತ್ತಿದ್ದೆ. ಐದು ಜಿಲೇಬಿ ತಿಂದ ಆ ದಿನ ಮನೆಗೆ ಬಂದು ಗಿರಿಜೆಯ ಕೈಯಲ್ಲಿ ತಿಂದದ್ದು ಬೇರೆಯೇ ಇದೆ. ಮುಚ್ಚಿಟ್ಟದ್ದು ಏಕೆಂದು ಕೇಳಿದರೆ ಉತ್ತರ ಸಣ್ಣದು. ತೊಡೆ ತಟ್ಟಿ ಆಗಿತ್ತು. ತಟ್ಟಿದ ತೊಡೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಸಿಸ್ಟರಿಗೆ ಕೈ ಮುಗಿದು "ಯಾರಿಗೂ ಹೇಳ್ಬೇಡಿ" ಅಂದೆ. "ನಾನ್ಯಾಕೆ ಹೇಳ್ಲಿ? ಚಪ್ಪಲಿ ಹಾಕದೆ ಓಡಾಡ್ಬೇಡಿ. ಕ್ಲಾಸು ತಪ್ಪಿಸ್ಬೇಡಿ" ಎಂದಷ್ಟೇ ಅಂದರು.

ಕ್ಲಾಸು ಚೆನ್ನಾಗಿಯೇ ನಡೆಯಿತು. ಯಾರಿಗಾದರೂ ಸಕ್ಕರೆ ಇಳಿದು ತಲೆ ತಿರುಗಿದರೆ ಇರಲಿ ಎಂದು ಸಿಸ್ಟರ್ ಒಂದು ಡಬ್ಬಿಯಲ್ಲಿ ಬೆಲ್ಲದ ತುಂಡು ತಂದಿಟ್ಟಿದ್ದರು. ಡಬ್ಬಿಯಲ್ಲಿ ಏನಿದೆ ಎಂದು ಗೊತ್ತಾದ ದಿನವೇ ಮೂವರಿಗೆ ಒಟ್ಟಿಗೆ ತಲೆ ತಿರುಗಿತು. ಅವರು ಬೆಲ್ಲ ತೆಗೆದು ಗ್ಲೂಕೋಸ್ ಪುಡಿ ಇಟ್ಟ ಮೇಲೆ ಊರಿನ ತಲೆಸುತ್ತು ವಾಸಿಯಾಯಿತು. ತಿಮ್ಮಪ್ಪನನ್ನು ನಾನೇ ಎಳೆದುಕೊಂಡು ಹೋಗಿದ್ದೆ. ಅವನು ಮಾಡುವುದನ್ನು ನೋಡಬೇಕಿತ್ತು. "ಮೋಡ ಸರಿದ ಹಾಗೆ ಕೈ ಆಡ್ಸಿ" ಎಂದು ಸಿಸ್ಟರ್ ಹೇಳಿದರೆ ಅವನ ಕೈ ಹುಲಿಕಲ್ ಘಾಟಿಯ ತಿರುವು ತೆಗೆಯುತ್ತಿತ್ತು. ಎಡಗಾಲು ಪ್ರತಿಸಲ ಕ್ಲಚ್ ಒತ್ತಿಯೇ ಮುಂದೆ ಹೋಗುತ್ತಿತ್ತು. "ಬ್ರೇಕ್ ಹಾಕ್ಬೇಡಿ ತಿಮ್ಮಪ್ಪಣ್ಣ, ಉಸಿರು ಬಿಡಿ" ಎಂದು ಸಿಸ್ಟರ್ ನಗುವರು. ಆದರೆ ಆಶ್ಚರ್ಯ ನೋಡಿ, ಒಂದು ತಿಂಗಳಾಗುವ ಹೊತ್ತಿಗೆ ಆ ದೊಡ್ಡ ದೇಹ ನೀರಿನ ಮೇಲೆ ಎಲೆ ಹೋದ ಹಾಗೆ ಸರಿಯತೊಡಗಿತು. ನನಗೆ ಹೊಟ್ಟೆಕಿಚ್ಚು. ಓಡಿದರೆ ಬೆವರುವುದು ಸಹಜ, ನಿಂತಲ್ಲೇ ಇಷ್ಟು ನಿಧಾನವಾಗಿ ಆಡಿದರೆ ಬೆನ್ನೆಲ್ಲ ಒದ್ದೆಯಾಗುವುದು ಯಾಕೆ? ಅಂಗಾಲಿಗೆ ತಿಳಿಯದ ನೆಲ ಮಂಡಿಗೆ ಹೇಗೆ ತಿಳಿಯುತ್ತದೆ? ಮನಸ್ಸು ಯಾಕೆ ತಣ್ಣಗಾಗುತ್ತದೆ? ಕಿಲಾಡಿತನ ಬಿಟ್ಟು ನಾನು ಇಷ್ಟು ತಲೆ ಕೆಡಿಸಿಕೊಂಡ ವಿಷಯ ಬೇರೊಂದಿಲ್ಲ.

ಕಿಲಾಡಿತನ ಬಿಟ್ಟು ಅಂದೆನಲ್ಲ, ಅದನ್ನು ಪೂರ್ತಿ ಬಿಟ್ಟಿರಲಿಲ್ಲ. ಕ್ಲಾಸು ಮುಗಿಸಿ ಬರುವಾಗ ಒಂದು ದಿನ ತಿಮ್ಮಪ್ಪ ಕೇಳಿದ, "ಅಲ್ಲ ರಾಮಣ್ಣ, ನಿಂಗೆ ಮಾತ್ರ ಹೆಂಗೆ ಸಕ್ರೆ ಬರ್ಲಿಲ್ಲ?"

ಬಾಯಿಗೆ ಬಂದದ್ದು ಆಡಿದೆ. "ನಾನು ಮಾತ್ರೆ ಮುಟ್ಟಿದವನಲ್ಲ, ಅದಕ್ಕೆ. ಈ ತೈ ಚಿಗೂ ಮಾತ್ರೆಗೂ ಆಗಿ ಬರಲ್ಲ ಮಾರಾಯ. ಚೀನಾದಲ್ಲಿ ಇದು ಶುರು ಮಾಡಿದ ದಿನವೇ ಮಾತ್ರೆ ಹೊಳೆಗೆ ಹಾಕ್ತಾರೆ."

"ಸಿಸ್ಟರ್ ಮಾತ್ರೆ ಬಿಡ್ಬೇಡಿ, ಇದು ಅದರ ಜತೆಗೆ ಮಾಡೋದು ಅಂದಿದ್ರಲ್ಲಾ?"

"ಎಲ್ಲರ ಎದುರು ಹಂಗೇ ಹೇಳ್ಬೇಕು, ರೂಲ್ಸು. ಬೀಡಿ ಕಟ್ಟಿನ ಮೇಲೆ ಬರೆದಿರ್ತದಲ್ಲ, ಹಂಗೆ. ಒಳಗಿನ ಮಾತು ಬೇರೆ."

ತಿಮ್ಮಪ್ಪ "ಹೌದನಾ?" ಎಂದು ತಲೆ ಆಡಿಸಿದ. ಅಷ್ಟರಲ್ಲಿ ಗಿರಿಜೆ ಕೊತ್ತಂಬರಿ ಸೊಪ್ಪು ತರಲು ಹೇಳಿದ್ದು ನೆನಪಾಗಿ ನಾನು ಅಂಗಡಿಯ ಕಡೆ ತಿರುಗಿದೆ. ಸೊಪ್ಪು ತಂದೆ, ಮಾತು ಮರೆತೆ. ಸಂಜೆಗೆ ಸಿಕ್ಕಿ "ತಮಾಷೆಗೆ ಅಂದೆ ಮಾರಾಯ" ಎನ್ನುವುದು ಬಾಕಿ ಉಳಿಯಿತು.

ಮೂರು ವಾರವಾಗಿರಬೇಕು. ತಿಮ್ಮಪ್ಪನ ಹೊಟ್ಟೆ ಇಳಿದಿತ್ತು, ಪ್ಯಾಂಟಿಗೆ ಹೊಸ ಬೆಲ್ಟು ಬಂದಿತ್ತು. ಬೆಲ್ಟಿಗೆ ಎರಡು ತೂತು ತಾನೇ ಮೊಳೆಯಿಂದ ಹೊಡೆದುಕೊಂಡಿದ್ದ. ಎಲ್ಲರೂ ಕಸರತ್ತಿನ ಮಹಿಮೆ ಎಂದರು, ನಾನೂ ಅಂದೆ. ಆದರೆ ಕ್ಲಾಸಿನ ನಡುವೆ ಅವನು ಎರಡು ಸಲ ಹಿತ್ತಲ ಕಡೆ ಹೋಗುತ್ತಿದ್ದ, ಬಂದವನು ದೊಡ್ಡ ಬಾಟಲಿಯ ನೀರನ್ನು ಒಂದೇ ಉಸಿರಿಗೆ ಮುಗಿಸುತ್ತಿದ್ದ. ಒಂದು ಕಾಲಿನ ಮೇಲೆ ಎಲೆಯ ಹಾಗೆ ನಿಲ್ಲುತ್ತಿದ್ದವನು ಈಗ ಗೋಡೆ ಹಿಡಿಯುತ್ತಿದ್ದ. ಆ ದಿನ ಸಿಸ್ಟರ್ ಎಲ್ಲರಿಗೂ ಮಾಮೂಲಿಯಾಗಿ ಹೇಳುತ್ತಿದ್ದರು: ಬಾಯಾರಿಕೆ ಜಾಸ್ತಿಯಾದರೆ, ಪದೇಪದೇ ಹೊರಗೆ ಹೋಗಬೇಕಾದರೆ, ಇದ್ದಕ್ಕಿದ್ದಂತೆ ತೂಕ ಇಳಿದರೆ, ಸುಸ್ತಾದರೆ, ಸಕ್ಕರೆ ಏರಿದೆ ಎಂದು ತಿಳಿಯಿರಿ, ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ನಾನು ತಿಮ್ಮಪ್ಪನನ್ನು ನೋಡಿದೆ. ಅವನು ಬಾಟಲಿ ಎತ್ತಿದ್ದ.

ಹೊರಗೆ ಬಂದವನೇ ಕೇಳಿದೆ, "ಮಾತ್ರೆ ತಗೊಳ್ತಿದೀಯಾ?"

ಅವನು ಹೆಮ್ಮೆಯಿಂದ ಬೆಲ್ಟು ಮೇಲೆಳೆದ. "ಬಿಟ್ಟು ಇಪ್ಪತ್ತೆರಡು ದಿನ ಆತು. ನೀ ಹೇಳಿದ್ದು ಸರಿ ಇತ್ತು ಮಾರಾಯ. ನೋಡು ಹೆಂಗೆ ಇಳ್ದಿದೀನಿ!"

"ಅಯ್ಯೋ, ನಾ ತಮಾಷೆಗೆ ಹೇಳಿದ್ದು! ಇವತ್ತೇ ಶುರು ಮಾಡು."

ತಿಮ್ಮಪ್ಪ ನನ್ನ ಮುಖವನ್ನು ಹತ್ತಿರದಿಂದ ನೋಡಿದ. ಇಪ್ಪತ್ತೆಂಟು ವರ್ಷ ನೋಡಿದ ಮುಖ. ಮೆಲ್ಲಗೆ ನಕ್ಕ. "ಈ ಸಲ ನಾ ಬೀಳಲ್ಲ. ನಂಗೆ ಗುಣ ಆಗ್ತಿರೋದು ನೋಡಿ ನಿಂಗೆ ಉರಿ ಅಲ್ಲನಾ?"

"ದೇವರಾಣೆ ತಿಮ್ಮಪ್ಪ."

"ದೇವರಾಣೆ ಅಂದೇ ಅಲ್ಲನಾ ಆ ಬಟ್ಟೆ ಅಂಗಡಿಯವನನ್ನ ಸಾಹೇಬ್ರು ಮಾಡಿದ್ದು?"

ನಾನು ಭವನದೊಳಕ್ಕೆ ಓಡಿದೆ. ಸಿಸ್ಟರನ್ನು ಕರೆತಂದೆ. ಅವರು ಗಾಬರಿಯಾಗಿ, "ತಿಮ್ಮಪ್ಪಣ್ಣ, ಹಂಗೆಲ್ಲ ಬಿಡೋ ಹಂಗಿಲ್ಲ. ಇದು ಮಾತ್ರೆ ಜತೆಗೆ, ಮಾತ್ರೆ ಬದ್ಲಿಗಲ್ಲ" ಎಂದು ಕೈ ಹಿಡಿದು ಹೇಳಿದರು. ಅವನು ವಿನಯದಿಂದ, "ಆಯ್ತು ಸಿಸ್ಟ್ರೇ, ನಿಮ್ಮನ್ನೂ ಸೇರಿಸ್ಕೊಂಡ್ನಾ ಇವ್ನು? ನಿಮ್ಮ ತಪ್ಪಲ್ಲ ಬಿಡಿ" ಎಂದ. ಅವರು ಚೀಲದಿಂದ ಸಕ್ಕರೆ ನೋಡುವ ಮಿಷನ್ನು ತೆಗೆದರು. ತಿಮ್ಮಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಅದನ್ನ ಒಂದ್ಸಲ ನೋಡಿ ಆಗಿದೆ. ಇವ್ನು ಹತ್ರ ಇದ್ದಾಗ ಆ ಮಿಷನ್ನು ನಿಜ ಹೇಳಲ್ಲ." ಹೊರಟೇ ಹೋದ.

ಅವನ ಮನೆಗೆ ಓಡಿದೆ. ಅವನ ಹೆಂಡತಿ ಸರೋಜಕ್ಕ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳು ತಲೆಯನ್ನೂ ಎತ್ತಲಿಲ್ಲ. "ರಾಮಣ್ಣ, ನಿಮ್ಮಿಬ್ರ ಆಟ ಇಬ್ರೇ ಆಡ್ಕಳಿ. ಹೋದ್ಸಲ ಇವ್ರ ಸಕ್ರೆ ಏರಿತು ಅಂತ ನನ್ ಮಗಳು ಕೋಣಂದೂರಿಂದ ಅತ್ಕೊಂಡೇ ಬಂದಿದ್ಲು. ಕಾಫಿ ಕುಡಿದ್ರೆ ಕುಡೀರಿ, ಇಲ್ಲಾಂದ್ರೆ ಹಪ್ಪಳ ದಾಟ್ಕೊಂಡು ಹೋಗಿ."

ದಾಟಿಕೊಂಡು ಬಂದೆ. ಮನೆಯಲ್ಲಿ ಗಿರಿಜೆ ನನ್ನ ಮುಖ ನೋಡಿ ವಿಷಯ ಬಿಡಿಸಿದಳು. ಕೇಳಿ ಮುಗಿಸಿ, ಬೈಯದೆ, ಒಂದೇ ಮಾತು ಅಂದಳು. "ನೀವು ಇಷ್ಟು ದಿನ ಬೇರೆಯವ್ರ ತಲೆ ಮೇಲೆ ಸುಳ್ಳು ಹಾಕಿದ್ರಿ. ನಿಮ್ದೇ ಒಂದು ನಿಜ ಆ ಶೇವಿಂಗ್ ಡಬ್ಬೀಲಿದೆ, ತಗೊಂಡು ಹೋಗಿ." ಬೈದಿದ್ದರೆ ವಾಸಿಯಿತ್ತು. ಬೈಗುಳಕ್ಕೆ ನನ್ನ ಹತ್ತಿರ ಉತ್ತರಗಳಿವೆ.

ಶೇವಿಂಗ್ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಮತ್ತೆ ತಿಮ್ಮಪ್ಪನ ಮನೆಗೆ ನಡೆದೆ. ಅರ್ಧ ಫರ್ಲಾಂಗು ದಾರಿ, ಆದರೆ ನಾನು ತೈ ಚಿಯ ವೇಗದಲ್ಲಿ ಹೋದೆ. ಒಂದು ಹೆಜ್ಜೆ ಪೂರ್ತಿ ಇಟ್ಟಮೇಲೆ ಇನ್ನೊಂದು. ದಾರಿಯಲ್ಲಿ ಒಂದು ಕಡೆ ನಿಂತೂಬಿಟ್ಟೆ. ನನಗೆ ಸಕ್ಕರೆ ಇದೆ ಎಂದು ತಿಮ್ಮಪ್ಪನಿಗೆ ಗೊತ್ತಾದರೆ ನಾಳೆ ಬೆಳಿಗ್ಗೆ ಹೋಟೆಲಿಗೆ ಗೊತ್ತಾಗುತ್ತದೆ, ಮಧ್ಯಾಹ್ನಕ್ಕೆ ಮೂರು ತಾಲ್ಲೂಕಿಗೆ. ಆ ಐದು ಜಿಲೇಬಿಯ ಕೀರ್ತಿ ಮಣ್ಣುಪಾಲು. ಬೇರೆ ಏನಾದರೂ ಸುಳ್ಳು ಹೇಳಿ ಅವನನ್ನು ನುಂಗಿಸಬಹುದೇ ಎಂದೂ ಯೋಚಿಸಿದೆ, ನಾಚಿಕೆ ಬಿಟ್ಟು ಹೇಳುತ್ತೇನೆ. ಹೊಳೆದವು, ನಾಲ್ಕು ಹೊಳೆದವು. ನಾಲ್ಕೂ ಒಳ್ಳೆಯವೇ. ಆದರೆ ಅವನು ಬಾಟಲಿ ಎತ್ತಿ ಗಟಗಟ ಕುಡಿಯುತ್ತಿದ್ದ ಗಂಟಲು ಕಣ್ಣ ಮುಂದೆ ಬಂತು.

ತಿಮ್ಮಪ್ಪ ಜಗುಲಿಯಲ್ಲಿ ಮಲಗಿದ್ದ. ಹಗಲು ಹೊತ್ತು ಮಲಗುವವನಲ್ಲ ಅವನು. ನಾನು ಡಬ್ಬಿ ತೆರೆದು ಅವನ ಪಕ್ಕದಲ್ಲಿಟ್ಟೆ. ಮಾತ್ರೆಯ ಹಾಳೆಗಳು, ಡಾಕ್ಟರ ಚೀಟಿಗಳು. ಮೇಲೆ ನನ್ನ ಹೆಸರು, ತಾರೀಖು. ಅವನು ಕನ್ನಡಕ ತಂದು ಒಂದೊಂದೇ ಚೀಟಿ ಬಿಡಿಸಿ ಓದಿದ. ಬಹಳ ಹೊತ್ತು ಓದಿದ.

"ಇದು ಸುಳ್ಳಲ್ಲ" ಎಂದ ಕೊನೆಗೆ.

"ಹೆಂಗೆ ಹೇಳ್ತೀಯ?"

"ನಿನ್ನ ಮರ್ಯಾದೆ ಹೋಗೋ ಸುಳ್ಳು ನೀನು ಹುಟ್ಟಿದ ಮೇಲೆ ಹೇಳಿಲ್ಲ." ಚೀಟಿಗಳನ್ನು ಮಡಚಿಟ್ಟ. "ಆರು ವರ್ಷ. ನಂಗೆ ಸಕ್ರೆ ಬಂದಾಗ ಎಷ್ಟು ಹೆದ್ರಿದ್ದೆ ಗೊತ್ತನಾ? ನಿಂಗೂ ಇದೆ ಅಂತ ಗೊತ್ತಿದ್ರೆ ಅರ್ಧ ಹೆದ್ರಿಕೆ ಹೋಗಿರೋದು. ಒಂದು ಮಾತು ಹೇಳ್ಲಿಲ್ಲಲ್ಲೋ ನೀನು."

ಅವನು ನನ್ನನ್ನು ಎಷ್ಟೋ ಸಲ ಬೈದಿದ್ದಾನೆ, ಒಮ್ಮೆ ಬಸ್ಸು ಸ್ಟಾರ್ಟ್ ಮಾಡುವ ಕಬ್ಬಿಣದ ಹ್ಯಾಂಡಲ್ ಹಿಡಿದು ಅಟ್ಟಿಸಿಕೊಂಡೂ ಬಂದಿದ್ದಾನೆ. ಯಾವುದೂ ಹೀಗೆ ನಾಟಿರಲಿಲ್ಲ. ನನಗೆ ಕೆಮ್ಮು ಬಂತು. ಈ ಸಲ ಅದು ನಗುವಿನ ಕೆಮ್ಮಲ್ಲ.

ತಿಮ್ಮಪ್ಪ ಎದ್ದು ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದ. ನಾನೂ ಬಾಗಿಲಲ್ಲಿ ನಿಂತು ನೋಡಿದೆ, ಮೂರು ಸಲ ತೊಳೆದ. ನನ್ನ ಕೈಯನ್ನೂ ತೊಳೆಸಿದ. ಬಸ್ಸಿಗೆ ಕಾಯುತ್ತಿದ್ದ ಸಿಸ್ಟರನ್ನು ಸ್ಟ್ಯಾಂಡಿನಲ್ಲಿ ಹಿಡಿದು ಚುಚ್ಚಿಸಿದೆವು. ಅಂಕಿ ನೋಡಿ ಸಿಸ್ಟರ್ ತೀರ್ಥಹಳ್ಳಿ ಬಸ್ಸು ಬಿಟ್ಟು, ನಮ್ಮಿಬ್ಬರನ್ನೂ ಸಾಗರದ ಬಸ್ಸಿಗೆ ಹತ್ತಿಸಿ ತಾವೂ ಹತ್ತಿದರು. ಡಾಕ್ಟರು ತಿಮ್ಮಪ್ಪನಿಗೆ ಸಲೈನ್ ಹಾಕಿ ಎರಡು ದಿನ ಮಲಗಿಸಿದರು. "ಇನ್ನೊಂದು ವಾರ ಬಿಟ್ಟು ಬಂದಿದ್ರೆ ಕಷ್ಟ ಇತ್ತು. ಯಾರ್ರೀ ನಿಮಗೆ ಮಾತ್ರೆ ಬಿಡಿ ಅಂದಿದ್ದು?" ಎಂದು ಗದರಿದರು. ತಿಮ್ಮಪ್ಪ ನನ್ನ ಕಡೆ ನೋಡಲಿಲ್ಲ. "ಯಾರೋ ಬಸ್ಸಲ್ಲಿ ಸಿಕ್ಕಿದವ್ನು ಸಾರ್" ಎಂದ. ಅವನು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಏನು ಚೆನ್ನಾಗಿ ಹೇಳಿದ! ಮುಖದ ಒಂದು ಗೆರೆ ಅಲುಗಲಿಲ್ಲ. ಇಷ್ಟು ಪ್ರತಿಭೆ ಇಟ್ಟುಕೊಂಡು ಈ ಮನುಷ್ಯ ಜೀವಮಾನವನ್ನೆಲ್ಲ ಸ್ಟೇರಿಂಗ್ ತಿರುಗಿಸಿ ಹಾಳುಮಾಡಿದನಲ್ಲ ಎನ್ನಿಸಿತು.

ಈಗ ಅವನ ಹೊಟ್ಟೆ ನಿಧಾನವಾಗಿ ವಾಪಸು ಬಂದಿದೆ, ಬೆಲ್ಟಿನ ತೂತುಗಳು ಖಾಲಿ ಬಿದ್ದಿವೆ. ಮತ್ತೆ ಕ್ಲಾಸಿಗೆ ಬರುತ್ತಿದ್ದಾನೆ. ಡಾಕ್ಟರೂ, "ಮಾತ್ರೆ, ಪಥ್ಯ ಸರಿಯಾಗಿ ನಡೀಲಿ, ಅದ್ರ ಜತೆಗೆ ಈ ಕಸರತ್ತು ಧಾರಾಳ ಮಾಡಿ" ಎಂದಿದ್ದಾರೆ. ನನ್ನ ಸಕ್ಕರೆಯ ವಿಷಯ, ಅವನು ಆಸ್ಪತ್ರೆಯಿಂದ ಬಂದ ಮರುದಿನ, ನಾನೆಣಿಸಿದಂತೆ ಮಧ್ಯಾಹ್ನದೊಳಗೆ ಮೂರು ತಾಲ್ಲೂಕಿಗೆ ಮುಟ್ಟಿತು. ಹೋಟೆಲಿನವನು ಕೇಳದೆಯೇ ಸಪ್ಪೆ ಚಹ ತಂದಿಡುತ್ತಾನೆ. ನನ್ನ ಪಾದ ಇನ್ನೂ ಪೂರ್ತಿ ಮಾತಾಡುವುದಿಲ್ಲ, ಆದರೆ ಒಂದು ಕಾಲಿನ ಮೇಲೆ ಇಪ್ಪತ್ತು ಎಣಿಸುವವರೆಗೆ ಯಾರ ಸೀಟಿಗೂ ಆನಿಸದೆ ನಿಲ್ಲುತ್ತೇನೆ. ತಿಮ್ಮಪ್ಪ ಹತ್ತೊಂಬತ್ತು ಅನ್ನುತ್ತಾನೆ, ಅವನ ಎಣಿಕೆ ನಿಧಾನ.

ಆದರೆ ನಂಬಿಕೆಯ ವಿಷಯದಲ್ಲಿ ಅವನು ಈಗ ಡ್ರೈವರಲ್ಲ, ಚೆಕ್ಕಿಂಗ್ ಇನ್ಸ್‌ಪೆಕ್ಟರ್. ಕ್ಲಾಸು ಮುಗಿದು, ಮನೆಯಿಂದ ತಂದ ತಿಂಡಿಯನ್ನು ಎಲ್ಲರೂ ಅಲ್ಲೇ ತಿಂದ ಮೇಲೆ ಸಮುದಾಯ ಭವನದ ಮೆಟ್ಟಿಲ ಮೇಲೆ ಇಬ್ಬರೂ ಎದುರುಬದುರು ಕೂರಬೇಕು. ಒಬ್ಬರ ಮಾತ್ರೆ ಇನ್ನೊಬ್ಬರ ಕೈಯಿಂದ. ನುಂಗಿದ ಮೇಲೆ, "ಬಾಯಿ ತೆಗಿ." ತೆಗೆಯುತ್ತೇನೆ. "ನಾಲಿಗೆ ಎತ್ತು." ಎತ್ತುತ್ತೇನೆ. "ಎಡಗಡೆ ದವಡೆ ತೋರ್ಸು." ಆಮೇಲೆ ನಾನು ಅವನ ಬಾಯಿ ನೋಡುತ್ತೇನೆ. ಆತುರ ಮಾಡುವಂತಿಲ್ಲ, ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಬೇಕು.

ಹೋದ ವಾರ ಕ್ಲಾಸಿಗೆ ಹೊಸಬರೊಬ್ಬರು ಬಂದರು. ಹೊಳೆಯಾಚೆಯ ಬ್ಯಾಕೋಡಿನ ಕಡೆಯ ಹೆಂಗಸು, ಮಗಳ ಮನೆಗೆ ಬಂದವರು, ಬಹಳ ಶ್ರದ್ಧೆ. ಪ್ರತಿಯೊಂದು ಚಲನೆಯನ್ನೂ ಮುಂದಿನವರನ್ನು ನೋಡಿ ನೋಡಿ ಕಲಿಯುತ್ತಿದ್ದರು. ತಿಂಡಿ ಮುಗಿಸಿ ಮೆಟ್ಟಿಲಿಳಿಯುವಾಗ ನಮ್ಮಿ‌ಬ್ಬರನ್ನು ಕಂಡರು. ಇಬ್ಬರು ಮುದುಕರು, ಎದುರುಬದುರು, ಬಾಯಿ ತೆರೆದು, ಮೆಲ್ಲಗೆ ನಾಲಿಗೆ ಎತ್ತಿ, ಮೆಲ್ಲಗೆ ಇಳಿಸಿ, ಎಡಕ್ಕೆ, ಬಲಕ್ಕೆ. ಅವರು ಒಂದು ಮೆಟ್ಟಿಲು ಕೆಳಗೆ ಸೆರಗು ಸರಿಮಾಡಿಕೊಂಡು ಕೂತರು. ಉಸಿರೆಳೆದು, ನಮ್ಮನ್ನೇ ನೋಡುತ್ತಾ, ಮೆಲ್ಲಗೆ ಬಾಯಿ ತೆರೆದರು. ನಾಲಿಗೆ ಎತ್ತಿದರು.

ಇಂಥ ಅವಕಾಶ ಮನುಷ್ಯನ ಆಯುಷ್ಯದಲ್ಲಿ ಒಂದೇ ಸಲ ಬರುತ್ತದೆ. ನಾನು ತಿಮ್ಮಪ್ಪನನ್ನು ನೋಡಿದೆ. ಅವನು ಬಾಯಿ ತೆರೆದಂತೆಯೇ ಕಣ್ಣಲ್ಲಿ ನನ್ನನ್ನು ಗದರಿದ. ಮನಸ್ಸು ಗಟ್ಟಿ ಮಾಡಿಕೊಂಡು, ಬಾಯಿ ಮುಚ್ಚಿ, ಹೇಳಿದೆ: "ಅಮ್ಮಾ, ಇದು ತೈ ಚಿ ಅಲ್ಲ. ನಾವು ಮಾತ್ರೆ ನುಂಗಿದ್ದು ನೋಡ್ಕಳ್ತಿದೀವಿ ಅಷ್ಟೇ."

ಅವರು ನಕ್ಕರು. "ನೀವು ಭಾರಿ ತಮಾಷೆಯವ್ರು ಅಂತ ಮಗಳು ಮೊದ್ಲೇ ಹೇಳಿದಾಳೆ ರಾಮಣ್ಣ. ಕಲಿಸಕ್ಕೆ ಮನಸ್ಸಿಲ್ದಿದ್ರೆ ಬ್ಯಾಡ, ನಾ ನೋಡೇ ಕಲ್ತೀನಿ" ಎಂದು ಇನ್ನೊಮ್ಮೆ, ಈ ಸಲ ನಮಗಿಂತ ನಿಧಾನವಾಗಿ, ನಾಲಿಗೆ ಎತ್ತಿದರು. ನಿನ್ನೆ ಸಿಸ್ಟರ್ ಹೇಳಿದರು, ಆ ಹೆಂಗಸು ಊರಿಗೆ ಹೋಗಿ ಅಕ್ಕಪಕ್ಕದ ನಾಲ್ವರಿಗೂ ಅದನ್ನು ಕಲಿಸಿದ್ದಾರಂತೆ. ನಾನು ತಲೆ ಚಚ್ಚಿಕೊಂಡೆ. ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಇಲ್ಲ ಎಂದೆನಲ್ಲ: ಒಂದೂ ಸುಳ್ಳು ಹೇಳದೆ ಹೊಳೆಯಾಚೆಯ ಐವರನ್ನು ಒಟ್ಟಿಗೆ ಏಮಾರಿಸಿದವನು ಈ ಮೂರು ತಾಲ್ಲೂಕಿನಲ್ಲಿ ನಾನಲ್ಲದೆ ಇನ್ನು ಯಾರಿದ್ದಾರೆ?